ಬಾಡಿಗೆ ಮನೆಯ ರಿಪೇರಿ

ಯುನಿಕ್ಸ್ ಲೋಕದಲ್ಲಿ ಹುಟ್ಟಿ ಬೆಳೆದ ಮೂರು ಸಣ್ಣ ತಂತ್ರಾಂಶಗಳನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಹಲವು ವರ್ಷಗಳಿಂದ ನನ್ನ ಬಿಡುವಿನ ಕೆಲಸ. ಮೂರನ್ನೂ ಬರೆದವನು ನಾನಲ್ಲ. ಅವಕ್ಕೆ ಹೊಸದಾಗಿ ಏನನ್ನೂ ಸೇರಿಸುವುದೂ ಇಲ್ಲ. ಬರೆದವರು ಎಲ್ಲೋ ಕೂತು ಹೊಸ ಆವೃತ್ತಿ ಹೊರಡಿಸಿದಾಗ ಅದರ ಮೂಲವನ್ನು ತರುತ್ತೇನೆ, ವಿಂಡೋಸಿನ ಮೇಲೆ ಕಟ್ಟಿ ನೋಡುತ್ತೇನೆ, ಮುರಿದದ್ದನ್ನು ಜೋಡಿಸುತ್ತೇನೆ, ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಪ್ಯಾಕೇಜು ಮಾಡಿ ಇಡುತ್ತೇನೆ. ಇಂಥವರನ್ನು ಮೇಂಟೇನರ್ ಅನ್ನುತ್ತಾರೆ. ಕನ್ನಡದಲ್ಲಿ ‘ನಿರ್ವಾಹಕ’ ಅಂದರೆ ಬಸ್ಸಿನ ಕಂಡಕ್ಟರು ಕಣ್ಣ ಮುಂದೆ ಬರುತ್ತಾನೆ, ‘ಪಾಲಕ’ ಅಂದರೆ ಶಾಲೆಯ ಪೋಷಕರ ಸಭೆ. ನಮ್ಮ ಸೋದರತ್ತೆಗೆ ಒಮ್ಮೆ ಇದನ್ನೆಲ್ಲ ವಿವರಿಸಿದೆ. “ನೀನು ಬರೆದದ್ದಲ್ಲ, ಸಂಬಳ ಕೊಡೋರಿಲ್ಲ, ಬಿಟ್ಟರೆ ಮಾತ್ರ ಬೈತಾರೆ. ದೇವಸ್ಥಾನದ ಪಾಳಿ ಇದ್ದ ಹಾಗೆ ಅನ್ನು” ಅಂದರು. ಅದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಇನ್ನೂ ಸಿಕ್ಕಿಲ್ಲ.

ಈ ಪಾಳಿ ನಡೆಯುವ ಗುಡಿಯ ಹೆಸರು ಸಿಗ್‌ವಿನ್. 1995ರಲ್ಲಿ ಅಮೆರಿಕದ ಸಿಗ್ನಸ್ ಸಲ್ಯೂಷನ್ಸ್ ಎಂಬ ಕಂಪನಿಯಲ್ಲಿ ಸ್ಟೀವ್ ಚೇಂಬರ್ಲೇನ್ ಎಂಬ ಎಂಜಿನಿಯರು ಶುರುಮಾಡಿದ್ದು. ಮುಕ್ತ ತಂತ್ರಾಂಶಕ್ಕೆ ಬೆಂಬಲ ಕೊಟ್ಟು ಹಣ ಗಳಿಸಬಹುದು ಅಂತ ನಂಬಿ 1989ರಲ್ಲಿ ಹುಟ್ಟಿದ್ದ ಕಂಪನಿ ಅದು. ಗ್ನೂ ಕಂಪೈಲರನ್ನು ವಿಂಡೋಸಿನಲ್ಲಿ ಓಡಿಸಬೇಕು ಎಂಬ ಬೇಡಿಕೆ ಬಂತು. ಕಂಪೈಲರನ್ನು ಕಟ್ಟಬೇಕಾದರೆ ಕಾನ್ಫಿಗರ್ ಸ್ಕ್ರಿಪ್ಟು ಓಡಬೇಕು, ಅದು ಓಡಬೇಕಾದರೆ ಬ್ಯಾಶ್ ಶೆಲ್ ಬೇಕು, ಬ್ಯಾಶ್‌ಗೆ ಯುನಿಕ್ಸಿನ ನೂರೆಂಟು ಸವಲತ್ತು ಬೇಕು. ಒಂದೊಂದು ಪ್ರೋಗ್ರಾಮನ್ನೂ ತಿದ್ದುತ್ತಾ ಹೋದರೆ ಆಯುಷ್ಯ ಸಾಲದು. ಚೇಂಬರ್ಲೇನ್ ಪ್ರೋಗ್ರಾಮುಗಳನ್ನು ಅವುಗಳ ಪಾಡಿಗೆ ಬಿಟ್ಟು, ನಡುವೆ ಕೂರುವ ಒಬ್ಬ ದುಭಾಷಿಯನ್ನು ಬರೆದ. ಇವತ್ತಿಗೂ ಸಿಗ್‌ವಿನ್ ಅಂದರೆ ಮುಖ್ಯವಾಗಿ ಆ ದುಭಾಷಿಯೇ, ಒಂದೇ ಒಂದು ಡಿಎಲ್‌ಎಲ್ ಕಡತ. ಪ್ರೋಗ್ರಾಮು ಯುನಿಕ್ಸಿನ ಭಾಷೆಯಲ್ಲಿ ಏನಾದರೂ ಕೇಳಿದರೆ ಅದನ್ನು ವಿಂಡೋಸಿಗೆ ಅರ್ಥವಾಗುವ ಹಾಗೆ ಹೇಳಿ, ಉತ್ತರವನ್ನು ತಿರುಗಿ ಯುನಿಕ್ಸಿನ ಮಾತಿನಲ್ಲಿ ಒಪ್ಪಿಸುತ್ತದೆ. 1999ರ ಕೊನೆಗೆ ರೆಡ್ ಹ್ಯಾಟ್ ಕಂಪನಿ ಸಿಗ್ನಸ್ಸನ್ನು ಕೊಳ್ಳುವುದಾಗಿ ಘೋಷಿಸಿತು. ಅಷ್ಟು ಹೊತ್ತಿಗೆ ದುಭಾಷಿಯ ಸುತ್ತ ಊರೇ ಬೆಳೆದಿತ್ತು. ಆ ಊರಿನ ಸಾವಿರಾರು ಪ್ಯಾಕೇಜುಗಳನ್ನು ಇಂದು ನೋಡಿಕೊಳ್ಳುತ್ತಿರುವವರು ಬಹುಮಟ್ಟಿಗೆ ನನ್ನಂಥ ಬಿಡುವಿನ ಮಂದಿ.

ಲಿನಕ್ಸಿನಲ್ಲಿ ಕಟ್ಟಿದ ಪ್ರೋಗ್ರಾಮನ್ನು ತಂದು ಸಿಗ್‌ವಿನ್ನಿನಲ್ಲಿ ಹಾಗೇ ಓಡಿಸಲು ಬರುವುದಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಮೂಲವನ್ನು ತಂದು ಇಲ್ಲೇ ಮತ್ತೆ ಕಂಪೈಲ್ ಮಾಡಬೇಕು. ನನ್ನಂಥವನಿಗೆ ಕೆಲಸ ಹುಟ್ಟುವುದು ಅಲ್ಲಿ. ವಿಂಡೋಸು ಒಂದು ಬಾಡಿಗೆ ಮನೆ. ಗೋಡೆ ಒಡೆಯುವ ಹಾಗಿಲ್ಲ, ಅದರ ಮೂಲವನ್ನು ನೋಡುವ ಹಾಗೂ ಇಲ್ಲ. ಮೊಳೆ ಹೊಡೆಯಲು ಎಲ್ಲಿ ಜಾಗವಿದೆ ಅಂತ ಬಡಿದು ನೋಡಿ ತಿಳಿಯಬೇಕು.

ಸಣ್ಣ ಪುಟ್ಟ ಜಗಳಗಳು ಎಲ್ಲರಿಗೂ ಗೊತ್ತಿರುವಂಥವೇ. ಟೆಲಿಟೈಪ್ ಯಂತ್ರದಲ್ಲಿ ಸಾಲು ಮುಗಿದಾಗ ಎರಡು ಕೆಲಸ ಆಗಬೇಕಿತ್ತು: ಅಚ್ಚೊತ್ತುವ ಭಾಗ ಎಡತುದಿಗೆ ಮರಳಬೇಕು, ಕಾಗದ ಒಂದು ಸಾಲು ಮೇಲೆ ಸರಿಯಬೇಕು. ಆ ಎರಡು ಗುರುತುಗಳನ್ನೂ ವಿಂಡೋಸು ಇಂದಿಗೂ ಸಾಲಿನ ಕೊನೆಯಲ್ಲಿ ಬರೆಯುತ್ತದೆ, ಯುನಿಕ್ಸು ಒಂದನ್ನೇ ಬರೆಯುತ್ತದೆ. ನೋಟ್‌ಪ್ಯಾಡಿನಲ್ಲಿ ಬರೆದ ಸ್ಕ್ರಿಪ್ಟನ್ನು ಬ್ಯಾಶ್ ಓದಿದಾಗ ಕಣ್ಣಿಗೆ ಕಾಣದ ಆ ಹೆಚ್ಚುವರಿ ಗುರುತನ್ನು ಆಜ್ಞೆ ಅಂತಲೇ ತಿಳಿದು ‘ಇಂಥ ಆಜ್ಞೆ ಸಿಗಲಿಲ್ಲ’ ಎನ್ನುತ್ತದೆ. ಕಾಣದ್ದನ್ನು ಹುಡುಕಲು ಹೊಸಬನೊಬ್ಬ ಅರ್ಧ ದಿನ ಕಳೆಯುತ್ತಾನೆ. ಇನ್ನು ಕಡತಗಳ ಹೆಸರು. ಯುನಿಕ್ಸಿಗೆ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ವಿಂಡೋಸಿಗೆ ಸಾಮಾನ್ಯವಾಗಿ ಎರಡೂ ಒಂದೇ. ಲಿನಕ್ಸ್ ಕರ್ನೆಲ್ಲಿನ ಮೂಲದಲ್ಲೇ ಆ ಒಂದು ವ್ಯತ್ಯಾಸ ಬಿಟ್ಟರೆ ಒಂದೇ ಹೆಸರಿನ ಕಡತಗಳ ಜೋಡಿಗಳಿವೆ. ವಿಂಡೋಸಿನಲ್ಲಿ ಬಿಚ್ಚಿದರೆ ಒಂದರ ಮೇಲೆ ಇನ್ನೊಂದು ಕೂತು, ಮೊದಲನೆಯದು ಮಾಯ. ‘ಕಾನ್’, ‘ಆಕ್ಸ್’, ‘ನಲ್’ ಇವು ಡಾಸ್ ಕಾಲದಿಂದ ಸಾಧನಗಳಿಗೆ ಮೀಸಲಾದ ಹೆಸರುಗಳು. ಸಿಗ್‌ವಿನ್ ಹಿಂಬಾಗಿಲಿನಿಂದ ಹೋಗಿ ಆ ಹೆಸರಿನ ಕಡತವನ್ನೂ ಸೃಷ್ಟಿಸಬಲ್ಲದು. ಆಮೇಲೆ ಅದನ್ನು ಎಕ್ಸ್‌ಪ್ಲೋರರಿನಲ್ಲಿ ಅಳಿಸಲು ಹೊರಟವನ ಪಾಡು ಬೇಡ.

ಇವೆಲ್ಲ ಒಂದು ತೂಕವಾದರೆ ‘ಫೋರ್ಕ್’ ಒಂದೇ ಇನ್ನೊಂದು ತೂಕ. ಸ್ವಲ್ಪ ನಿಧಾನವಾಗಿ ಹೇಳಬೇಕು.

ಯುನಿಕ್ಸಿನಲ್ಲಿ ಹೊಸ ಪ್ರೋಗ್ರಾಮು ಹುಟ್ಟುವ ರೀತಿ ವಿಚಿತ್ರ. ಓಡುತ್ತಿರುವ ಪ್ರೋಗ್ರಾಮು ಮೊದಲು ತನ್ನದೇ ತದ್ರೂಪನ್ನು ಹೆರುತ್ತದೆ: ಅದೇ ನೆನಪು, ಅದೇ ತೆರೆದ ಕಡತಗಳು, ಅದೇ ಸಾಲಿನಲ್ಲಿ ನಿಂತ ಲೆಕ್ಕ. ಕರೆಯುವಾಗ ಒಬ್ಬ, ಉತ್ತರ ಕೇಳಿಸಿಕೊಳ್ಳುವಾಗ ಇಬ್ಬರು. ಆಮೇಲೆ ಮಗು ಬೇಕಾದರೆ ಬೇರೆ ವೇಷ ಹಾಕಿಕೊಳ್ಳುತ್ತದೆ. ನೀವು ಟರ್ಮಿನಲ್ಲಿನಲ್ಲಿ ಒಂದು ಆಜ್ಞೆ ಕೊಟ್ಟಾಗಲೆಲ್ಲ ಹಿನ್ನೆಲೆಯಲ್ಲಿ ನಡೆಯುವುದು ಇದೇ. ವಿಂಡೋಸಿನಲ್ಲಿ ಈ ಪದ್ಧತಿ ಇಲ್ಲ. ಅಲ್ಲಿ ಪ್ರತಿ ಪ್ರೋಗ್ರಾಮೂ ಮೊದಲಿಂದ, ಖಾಲಿ ಕೈಯಲ್ಲಿ ಶುರುವಾಗುತ್ತದೆ.

ಹಾಗಾಗಿ ಸಿಗ್‌ವಿನ್ ನಾಟಕ ಆಡಬೇಕು. ಅದೇ ಪ್ರೋಗ್ರಾಮಿನ ಹೊಸ ಪ್ರತಿಯೊಂದನ್ನು ವಿಂಡೋಸಿನಿಂದ ಎಬ್ಬಿಸಿ, ಅದು ಕಣ್ಣು ಬಿಡುವ ಮುಂಚೆ ತಡೆದು ನಿಲ್ಲಿಸಿ, ತಾಯಿಯ ನೆನಪನ್ನೆಲ್ಲ ಅದರೊಳಕ್ಕೆ ಸುರಿದು, ‘ನೀನು ಇಷ್ಟು ಹೊತ್ತು ಓಡುತ್ತಲೇ ಇದ್ದೆ’ ಅಂತ ನಂಬಿಸಬೇಕು. ನಂಬಿಕೆ ಉಳಿಯಬೇಕಾದರೆ ತಾಯಿಯಲ್ಲಿ ಯಾವ ಡಿಎಲ್‌ಎಲ್ ಯಾವ ವಿಳಾಸದಲ್ಲಿತ್ತೋ ಮಗುವಿನಲ್ಲೂ ಅಲ್ಲೇ ಇರಬೇಕು. ಆದರೆ ಡಿಎಲ್‌ಎಲ್‌ಗಳನ್ನು ಎಲ್ಲಿ ಕೂರಿಸಬೇಕು ಎಂಬುದು ವಿಂಡೋಸಿನ ಅಧಿಕಾರ. ಆ ಜಾಗದಲ್ಲಿ ಬೇರೆ ಯಾರೋ ಕೂತಿದ್ದರೆ ಪಕ್ಕಕ್ಕೆ ತಳ್ಳುತ್ತದೆ. ಅಷ್ಟಾದರೆ ಮುಗಿಯಿತು, ‘ತಾಯಿಯಲ್ಲಿದ್ದ ವಿಳಾಸಕ್ಕೆ ಕೂರಿಸಲು ಆಗಲಿಲ್ಲ’ ಎಂಬ ದೂರು, ಮರುಪ್ರಯತ್ನ, ಮತ್ತೆ ದೂರು. ಇದಕ್ಕೆ ಮದ್ದು ‘ರೀಬೇಸ್’. ಕಲ್ಯಾಣಮಂಟಪದಲ್ಲಿ ಊಟದ ಪಂಕ್ತಿಗೆ ಮೊದಲೇ ಹೆಸರು ಬರೆದು ಎಲೆ ಹಾಕಿದ ಹಾಗೆ, ಒಂದೊಂದು ಡಿಎಲ್‌ಎಲ್‌ಗೂ ಯಾರ ಜೊತೆಗೂ ಡಿಕ್ಕಿಯಾಗದ ಒಂದು ವಿಳಾಸ ಗೊತ್ತುಮಾಡುವುದು. 32 ಬಿಟ್ ಕಾಲದಲ್ಲಿ ಜಾಗವೇ ಇಕ್ಕಟ್ಟು. ಸಿಗ್‌ವಿನ್ನಿನ ಕಿಟಕಿಗಳನ್ನೆಲ್ಲ ಮುಚ್ಚಿ, ತೀರಾ ಕಡಿಮೆ ಡಿಎಲ್‌ಎಲ್ ಬಳಸುವ ಒಂದು ಚಿಕ್ಕ ಶೆಲ್ಲಿನೊಳಗಿಂದ ಈ ಕೆಲಸ ಮಾಡಬೇಕಿತ್ತು; ಬಳಕೆಯಲ್ಲಿರುವ ಕಡತವನ್ನು ತಿದ್ದಲು ವಿಂಡೋಸು ಬಿಡುವುದಿಲ್ಲವಲ್ಲ. ಕೂತ ಕೊಂಬೆ ಕಡಿಯದೆ ಮರ ಸವರಿದ ಹಾಗೆ. ಈಗ ಪ್ಯಾಕೇಜು ಇಳಿಸುವಾಗ ತಾನಾಗಿ ನಡೆಯುತ್ತದೆ, 64 ಬಿಟ್ಟಿನಲ್ಲಿ ಜಾಗವೂ ಧಾರಾಳ. 32 ಬಿಟ್ ಸಿಗ್‌ವಿನ್ನಿಗೆ 2022ರಲ್ಲಿ ವಿದಾಯ ಹೇಳಿದ್ದೂ ಆಯಿತು.

ಆದರೂ ಕಾಯಿಲೆ ಪೂರ್ತಿ ಹೋಗಿಲ್ಲ. ಎರಡು ವರ್ಷದ ಹಿಂದೆ, ಪರಿಚಯದವರೊಬ್ಬರಿಂದ ನಂಬರು ತೆಗೆದುಕೊಂಡು ಒಂದು ತಾಲೂಕು ಕೇಂದ್ರದ ಪದವಿ ಕಾಲೇಜಿನ ಉಪನ್ಯಾಸಕಿಯೊಬ್ಬರು ಫೋನು ಮಾಡಿದರು. “ಸರ್, ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ. ಲ್ಯಾಬಿನಲ್ಲಿ 24 ಮಷೀನು. 15ರಲ್ಲಿ ಶೆಲ್ ಪ್ರೋಗ್ರಾಮು ಓಡ್ತಿದೆ, 9ರಲ್ಲಿ ಫೋರ್ಕ್ ಅಂತ ಏನೋ ಬಂದು ನಿಲ್ತಿದೆ. ಎಲ್ಲದಕ್ಕೂ ಒಂದೇ ಪೆನ್‌ಡ್ರೈವಿನಿಂದ ಹಾಕಿದ್ದು.” ಅವತ್ತು ಬುಧವಾರ.

“ಮೇಡಂ, ಲಿನಕ್ಸ್ ಹಾಕಿಬಿಡಬಹುದಲ್ಲ” ಅಂತ ಕೇಳುವುದು ಸುಲಭ. ಹೊರಗಿನವರೆಲ್ಲ ಮೊದಲು ಕೇಳುವುದು ಅದನ್ನೇ. ಅದೇ ಲ್ಯಾಬಿನಲ್ಲಿ ಮಧ್ಯಾಹ್ನ ವಾಣಿಜ್ಯ ವಿಭಾಗದ ಮಕ್ಕಳು ಟ್ಯಾಲಿ ಕಲಿಯುತ್ತಾರೆ. ಅಡ್ಮಿನ್ ಪಾಸ್‌ವರ್ಡ್ ಇರುವುದು ವಾರ್ಷಿಕ ಗುತ್ತಿಗೆಯ ಮೇಲೆ ಕಂಪ್ಯೂಟರು ರಿಪೇರಿ ಮಾಡುವವರ ಬಳಿ, ಅವರು ಬರುವುದು ಶನಿವಾರ. ಸಿಗ್‌ವಿನ್ನನ್ನು ಅಡ್ಮಿನ್ ಹಕ್ಕಿಲ್ಲದೆಯೂ ಒಂದು ಫೋಲ್ಡರಿನೊಳಗೆ ಹಾಕಿಕೊಳ್ಳಬಹುದು ಎಂಬ ಒಂದೇ ಕಾರಣಕ್ಕೆ ಆ ಮಕ್ಕಳು ಗ್ರೆಪ್, ಸೆಡ್, ಆಕ್‌ಗಳನ್ನು ಕೈಯಾರೆ ಮಾಡಿ ನೋಡಿದ್ದರು. ಇಲ್ಲವಾದರೆ ನೋಟ್ಸಿನಲ್ಲಿ ಓದಿ, ಉತ್ತರಪತ್ರಿಕೆಯಲ್ಲಿ ಬರೆದು ಪಾಸಾಗುತ್ತಿದ್ದರು.

ನಾನು ಬೆಂಗಳೂರಿನಲ್ಲಿ, ಕೆಟ್ಟ ಯಂತ್ರ ಅಲ್ಲಿ. ಇಂಥದ್ದರಲ್ಲಿ ಮಾಡಬಹುದಾದ್ದು ಒಂದೇ, ಒಂದೊಂದಾಗಿ ಕೇಳುವುದು. ಸಿಗ್‌ಚೆಕ್ ಎಂಬ ಸಾಧನವಿದೆ. ಯಂತ್ರದ ಪೂರ್ತಿ ಜಾತಕ ತೆಗೆದುಕೊಡುತ್ತದೆ: ಯಾವ ವಿಂಡೋಸು, ಯಾವ ಪ್ಯಾಕೇಜು ಯಾವ ಆವೃತ್ತಿ, ಯಾವುದರ ಕಡತ ಕಾಣೆ, ಯಾವ ದಾರಿಯಲ್ಲಿ ಏನು ಹುಡುಕುತ್ತಿದೆ. ಒಂದು ಒಳ್ಳೆಯ ಯಂತ್ರದ್ದು, ಒಂದು ಕೆಟ್ಟದ್ದು, ಎರಡರ ಜಾತಕವನ್ನೂ ಕಳಿಸಿ ಅಂದೆ. ನನ್ನ ಮೊದಲ ಅನುಮಾನ ದುಭಾಷಿ ಇಬ್ಬರಿರಬಹುದೇ ಎಂಬುದು. ಚಿಪ್ಪುಗಳ ಅಭಿವೃದ್ಧಿಗೆಂದು ಕೊಡುವ ಕೆಲವು ಕಿಟ್ಟುಗಳು ತಮ್ಮದೇ ಹಳೆಯ ಸಿಗ್‌ವಿನ್ ಡಿಎಲ್‌ಎಲ್ಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತವೆ. ಎರಡು ಬೇರೆ ಬೇರೆ ಆವೃತ್ತಿಗಳು ಒಟ್ಟಿಗೆ ಓಡಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಬೆಂಗಳೂರಿನ ಕಚೇರಿಗಳಲ್ಲಿ ನಾನು ನೋಡಿದ ಅರ್ಧದಷ್ಟು ತೊಂದರೆಗಳು ಇದೇ. ಇಲ್ಲಿ ಹಾಗಿರಲಿಲ್ಲ. ಎರಡು ಜಾತಕಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಸಿಗ್‌ವಿನ್ನಿನ ಮಟ್ಟಿಗೆ ಅಕ್ಷರ ವ್ಯತ್ಯಾಸವಿಲ್ಲ.

ಒಂದೇ ಬೀಜ, ಒಂಬತ್ತು ಕಡೆ ಮೊಳಕೆಯೊಡೆಯಲಿಲ್ಲ ಅಂದರೆ ಮಣ್ಣನ್ನು ನೋಡಬೇಕು. ಮಾರನೆಯ ದಿನ ಕೇಳಿದೆ, “ಮೇಡಂ, ಈ ಒಂಬತ್ತು ಮಷೀನು ಎಲ್ಲಾ ಒಟ್ಟಿಗೆ ಬಂದದ್ದಾ?” ಹೌದು, ಹಿಂದಿನ ವರ್ಷದ ಖರೀದಿ. ಕಂಪ್ಯೂಟರಿನ ಜೊತೆ ಒಂದು ಆಂಟಿವೈರಸ್ಸೂ ಬಂದಿತ್ತು. ಅದರ ಹೆಸರು ಇಲ್ಲಿ ಬೇಡ. ಕಾವಲಿಗೆಂದು ತನ್ನದೊಂದು ಡಿಎಲ್‌ಎಲ್ಲನ್ನು ಹುಟ್ಟುವ ಪ್ರತಿ ಪ್ರೋಗ್ರಾಮಿನೊಳಕ್ಕೂ ತೂರಿಸುವುದು ಆ ಬಗೆಯ ತಂತ್ರಾಂಶಗಳ ಅಭ್ಯಾಸ. ಸಿಗ್‌ವಿನ್ ಮಗುವನ್ನು ತಡೆದು ನಿಲ್ಲಿಸಿ ನೆನಪು ಸುರಿಯಬೇಕು ಅನ್ನುವಷ್ಟರಲ್ಲಿ ಈ ಕಾವಲುಗಾರ ಒಳಗೆ ನುಗ್ಗಿ, ಬೇರೆ ಯಾರಿಗೋ ಮೀಸಲಾದ ಎಲೆಯ ಮುಂದೆ ಕೂತುಬಿಡುತ್ತಾನೆ. ಇಂಥ ತಂತ್ರಾಂಶಗಳಿಗೆ ಸಿಗ್‌ವಿನ್ ಮಂದಿ ‘ಬ್ಲೋಡಾ’ ಎಂದೇ ಹೆಸರಿಟ್ಟಿದ್ದಾರೆ, ಅನುಮಾನಾಸ್ಪದರ ದೊಡ್ಡ ಪಟ್ಟಿ ಅಂತ ಅದರ ಅರ್ಥ. ತಾತ್ಕಾಲಿಕವಾಗಿ ಆಫ್ ಮಾಡಿದರೆ ಸಾಲದು, ತೂರಿಸುವ ಕೆಲಸ ಆಗಲೂ ನಡೆದಿರಬಹುದು. ಕಿತ್ತೇ ಹಾಕಬೇಕು.

ಶನಿವಾರ ರಿಪೇರಿಯವರು ಬಂದರು. ಆಂಟಿವೈರಸ್ ತೆಗೆಯಲು ಅವರು ಒಪ್ಪಲಿಲ್ಲ, ವೈರಸ್ ಬಂದರೆ ಬೈಸಿಕೊಳ್ಳುವವರು ಅವರೇ. ಅವರ ಭಯವೂ ನ್ಯಾಯವಾದದ್ದೇ. ಆ ಆಂಟಿವೈರಸ್ಸಿನ ಅವಧಿ ಮುಗಿದು ತಿಂಗಳುಗಳಾಗಿದ್ದವು ಎಂಬುದನ್ನು ಮೇಡಂ ತೋರಿಸಿದ ಮೇಲೆ, ವಿಂಡೋಸಿನದೇ ಕಾವಲು ಸಾಕು ಅಂತ ಒಪ್ಪಿದರು. ಮಧ್ಯಾಹ್ನ ಮೂರಕ್ಕೆ ಫೋನು ಬಂತು. ಎಂಟು ಓಡಿದವು. ಒಂಬತ್ತನೆಯದರ ಹಾರ್ಡ್ ಡಿಸ್ಕೇ ಕೆಟ್ಟಿತ್ತು, ಅದಕ್ಕೂ ನಮಗೂ ಸಂಬಂಧವಿರಲಿಲ್ಲ. ಆ ಜಾಗದ ಹುಡುಗಿಯನ್ನು ಎರಡನೇ ಬ್ಯಾಚಿಗೆ ಹಾಕಿದರಂತೆ. ಫೋನಿಡುವ ಮುಂಚೆ ಕೇಳಿದರು, “ಸರ್, ತಪ್ಪು ವಿಂಡೋಸಿನದೋ, ಆಂಟಿವೈರಸ್ಸಿನದೋ, ನಿಮ್ಮದೋ? ಪ್ರಿನ್ಸಿಪಾಲರಿಗೆ ಬರೆದು ಕೊಡಬೇಕು.” ಮೂವರೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿಯಾಗಿಯೇ ನಡೆದುಕೊಂಡಿದ್ದರು. ಹಾಗಂತ ಪ್ರಿನ್ಸಿಪಾಲರಿಗೆ ಬರೆಯಲು ಬರುವುದಿಲ್ಲ. ಹಾರ್ಡ್ ಡಿಸ್ಕ್ ಅಂತ ಬರೆಯಿರಿ ಮೇಡಂ ಅಂದೆ, ಅದಂತೂ ನಿಜ.

ಮೂರು ಪ್ಯಾಕೇಜುಗಳಲ್ಲಿ ಒಂದು ನನಗೆ ಬಂದದ್ದು ದತ್ತು ಲೆಕ್ಕದಲ್ಲಿ. ಪ್ಯಾಕೇಜಿನ ಎದುರು ನೋಡಿಕೊಳ್ಳುವವರ ಹೆಸರು ಬರೆಯುವ ಒಂದು ಪಟ್ಟಿ ಇದೆ. ಯಾರಾದರೂ ಬಿಟ್ಟುಹೋದರೆ ಹೆಸರು ಅಳಿಸಿ ‘ಅನಾಥ’ ಎಂದು ಬರೆಯುತ್ತಾರೆ. ಆ ಪದ ನೋಡಿದರೆ ನನಗೆ ಇವತ್ತೂ ಸ್ವಲ್ಪ ಕಸಿವಿಸಿ. ದತ್ತು ಪಡೆಯುವ ಇರಾದೆ ತಿಳಿಸಿ, ಕಟ್ಟಿ ತೋರಿಸಿ, ಒಪ್ಪಿಗೆ ಸಿಕ್ಕ ಮೇಲೆ ಕೀಲಿ ನಮ್ಮ ಕೈಗೆ ಬರುತ್ತದೆ. ಜೊತೆಗೆ ಹಿಂದಿನವರ ಪಾಕವಿಧಾನವೂ. ಸಿಗ್‌ಪೋರ್ಟ್ ಎಂಬ ಸಾಧನಕ್ಕೆ ಬರೆದ ಒಂದು ಪುಟದ ಕಡತ ಅದು: ಮೂಲ ಎಲ್ಲಿಂದ ತರಬೇಕು, ಯಾವ ತೇಪೆ ಹಚ್ಚಬೇಕು, ಏನೇನು ಸಾಮಾನು ಬೇಕು, ಹೇಗೆ ಕಟ್ಟಬೇಕು. ಅದರ ನಡುವೆ ಹಳಬರು ಒಂದು ಟಿಪ್ಪಣಿ ಬರೆದಿಟ್ಟಿದ್ದರು. ಈ ಸಾಲು ದಂಡ ಅಂತ ಕಾಣುತ್ತದೆ, ತೆಗೆಯಬೇಡಿ, ನಾನು ತೆಗೆದು ನೋಡಿದ್ದೇನೆ ಎಂಬರ್ಥದ್ದು. ಅವರು ಯಾರು, ಯಾಕೆ ಬಿಟ್ಟರು, ಇದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ. ಅವರ ಅಡುಗೆಮನೆಯಲ್ಲಿ ನಿಂತು ವರ್ಷಗಟ್ಟಲೆ ಒಗ್ಗರಣೆ ಹಾಕಿದ್ದೇನೆ. ಯಾವ ಡಬ್ಬಿ ಎಲ್ಲಿಟ್ಟಿದ್ದರು ಎಂಬುದರಿಂದ ಅವರ ಸ್ವಭಾವ ಸ್ವಲ್ಪ ತಿಳಿದಿದೆ. ಅವಸರದವರಲ್ಲ. ಪ್ರತಿ ತೇಪೆಯ ತಲೆಯ ಮೇಲೂ ಯಾಕೆ ಹಚ್ಚಿದ್ದು ಅಂತ ಎರಡು ಸಾಲು ಇದೆ. ಕಂಪನಿಗಳಲ್ಲಿ ಸಂಬಳ ಪಡೆದು ಬರೆದ ಕೋಡಿನಲ್ಲಿ ಈ ಸೌಜನ್ಯವನ್ನು ನಾನು ಹೆಚ್ಚು ಕಂಡಿಲ್ಲ.

ತೇಪೆಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಒಂದೇ ಪದದ್ದು. ಯುನಿಕ್ಸಿನಲ್ಲಿ ಒಂದು ಲೈಬ್ರರಿಯನ್ನು ಕಟ್ಟುವಾಗ ಅದರ ಕೆಲವು ಹೆಸರುಗಳಿಗೆ ಅರ್ಥ ಆಮೇಲೆ ಸಿಕ್ಕೀತು ಅಂತ ಖಾಲಿ ಬಿಡಬಹುದು. ವಿಂಡೋಸಿನಲ್ಲಿ ಸಾಲ ಇಲ್ಲ, ಎಲ್ಲ ಲೆಕ್ಕವೂ ಅಲ್ಲೇ ಚುಕ್ತಾ ಆಗಬೇಕು. ‘ನನ್ನಲ್ಲಿ ಬಾಕಿ ಏನೂ ಉಳಿದಿಲ್ಲ’ ಎಂದು ಲೈಬ್ರರಿಯೇ ಬರೆದುಕೊಡಬೇಕು. ಕೊಡದಿದ್ದರೆ ಡಿಎಲ್‌ಎಲ್ ಹುಟ್ಟುವುದೇ ಇಲ್ಲ. ಆ ಒಂದು ಪದವನ್ನು ಮೂಲ ಬರೆದವರಿಗೆ ಕಳಿಸಿಕೊಟ್ಟೆ, ನೀವೇ ಸೇರಿಸಿಕೊಂಡರೆ ಪ್ರತಿ ಸಲ ತೇಪೆ ಹಚ್ಚುವುದು ತಪ್ಪುತ್ತದೆ, ಲಿನಕ್ಸಿನವರಿಗೆ ಇದರಿಂದ ತೊಂದರೆಯೂ ಇಲ್ಲ ಎಂದು. ನನ್ನ ಬಳಿ ವಿಂಡೋಸ್ ಇಲ್ಲ, ಪರೀಕ್ಷಿಸಲಾಗದ್ದನ್ನು ಸೇರಿಸುವುದಿಲ್ಲ ಅಂತ ಉತ್ತರ ಬಂತು. ಕೋಪಿಸಿಕೊಳ್ಳಲು ಏನೂ ಇಲ್ಲ, ಅವರದ್ದೂ ಬಿಡುವಿನ ಕೆಲಸವೇ. ಆಮೇಲೆ ಬಂದ ಏಳು ಆವೃತ್ತಿಗಳಿಗೂ ಅದೇ ಒಂದು ಪದದ ತೇಪೆ ಹಚ್ಚಿದೆ.

ಕನ್ನಡದವರಿಗೆ ಈ ಊರಿನಲ್ಲಿ ಜಾಗ ಸಿಕ್ಕಿದ್ದು ತಡವಾಗಿ. ಇಂಗ್ಲಿಷಿಗೆ, ರಷ್ಯನ್‌ಗೆ ಇದ್ದ ಹಾಗೆ ವಿಂಡೋಸಿನಲ್ಲಿ ಕನ್ನಡಕ್ಕೆ ಹಳೆಯ ಕೋಡ್ ಪೇಜು ಎಂಬುದು ಇರಲೇ ಇಲ್ಲ, ನೇರವಾಗಿ ಯೂನಿಕೋಡಿಗೇ ಬಂದೆವು. ಹಳೆಯ ಸಿಗ್‌ವಿನ್ನಿಗೆ ಯೂನಿಕೋಡ್ ಹೆಸರುಗಳು ತಿಳಿಯುತ್ತಿರಲಿಲ್ಲ. ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತಿದ್ದವು. 2009ರ ಡಿಸೆಂಬರಿನಲ್ಲಿ ಬಂದ 1.7ನೇ ಸರಣಿ ಯುಟಿಎಫ್-8 ಅನ್ನು ಮೂಲ ನಡೆಯಾಗಿ ಒಪ್ಪಿಕೊಂಡಿತು. ಈಗ ‘ಕನ್ನಡ’ ಎಂಬ ಪದವನ್ನು ಎಣಿಸು ಅಂದರೆ ಅದು 15 ಬೈಟು, 5 ಸಂಕೇತ ಅನ್ನುತ್ತದೆ. ನಾವು ಮೂರು ಅಕ್ಷರ ಅನ್ನುತ್ತೇವೆ. ಮೂರೂ ಸರಿಯೇ. ಟರ್ಮಿನಲ್ಲಿನ ಚೌಕದೊಳಗೆ ಒತ್ತಕ್ಷರಗಳು ಇಂದಿಗೂ ನೆಟ್ಟಗೆ ಕೂರುವುದಿಲ್ಲ, ಆ ಜಗಳ ಬೇರೆ.

2016ರಲ್ಲಿ ಮೈಕ್ರೋಸಾಫ್ಟೇ ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ ತಂದಮೇಲೆ ಸಿಗ್‌ವಿನ್ ಯಾಕೆ ಬೇಕು ಅಂತ ಸ್ನೇಹಿತರು ಕೇಳುತ್ತಾರೆ. ಕಾರಣವಿಲ್ಲದ ಪ್ರಶ್ನೆಯಲ್ಲ. ಡಬ್ಲ್ಯುಎಸ್‌ಎಲ್ ಚೆನ್ನಾಗಿದೆ, ನಾನೂ ಬಳಸುತ್ತೇನೆ. ಅದರ ಎರಡನೇ ಆವೃತ್ತಿಯಲ್ಲಿ ಇರುವುದು ನಿಜವಾದ ಲಿನಕ್ಸ್ ಕರ್ನೆಲ್, ಫೋರ್ಕಿಗೆ ನಾಟಕ ಬೇಕಿಲ್ಲ. ಸಿಗ್‌ವಿನ್ನಿನಲ್ಲಿ ಕಾನ್ಫಿಗರ್ ಸ್ಕ್ರಿಪ್ಟು ತೆವಳುತ್ತಾ ಮುಗಿಯುವಷ್ಟರಲ್ಲಿ ಕಾಫಿ ಮಾಡಿಕೊಂಡು ಕುಡಿಯಬಹುದು, ಅಲ್ಲಿ ಹಾಲು ಉಕ್ಕುವ ಮುಂಚೆ ಮುಗಿದಿರುತ್ತದೆ. ಆದರೆ ಅದು ಮಹಡಿಯ ಮೇಲೆ ಕಟ್ಟಿಕೊಂಡ ಪ್ರತ್ಯೇಕ ಮನೆ. ಅದನ್ನು ಕಟ್ಟಲು ಯಂತ್ರದಲ್ಲಿ ವರ್ಚುವಲೀಕರಣದ ಸೌಲಭ್ಯ ಬೇಕು, ಅಡ್ಮಿನ್ ಹಕ್ಕು ಬೇಕು. ಆ ಎರಡೂ ಇಲ್ಲದ ಕಂಪ್ಯೂಟರುಗಳ ಮುಂದೆಯೇ ಬಹಳ ಮಂದಿ ಕೂತಿರುತ್ತಾರೆ. ಇನ್ನು ವಿಂಡೋಸಿನಲ್ಲಿ ಗಿಟ್ ಬಳಸುವವರು ತಮಗೂ ಸಿಗ್‌ವಿನ್ನಿಗೂ ಸಂಬಂಧವಿಲ್ಲ ಅಂದುಕೊಂಡಿರುತ್ತಾರೆ. ಅದರ ಜೊತೆ ಬರುವ ಬ್ಯಾಶ್ ನಿಂತಿರುವುದು ಸಿಗ್‌ವಿನ್ನಿನಿಂದ ಕವಲೊಡೆದ ಎಂಸಿಸ್-2ರ ಮೇಲೆ.

ಹೋದ ತಿಂಗಳು ಆ ದತ್ತು ಪ್ಯಾಕೇಜಿನ ಎಂಟನೇ ಆವೃತ್ತಿ ಬಂತು. ಎಂದಿನ ಹಾಗೆ ಕಟ್ಟಲು ಹೊರಟರೆ ತೇಪೆ ಹಚ್ಚಿಕೊಳ್ಳಲಿಲ್ಲ, ಆ ಸಾಲೇ ಬದಲಾಗಿದೆ ಅಂತ ನಿಂತಿತು. ಮೂಲವನ್ನು ತೆರೆದು ನೋಡಿದೆ. ನಾನು ಕಳಿಸಿದ್ದ ಒಂದು ಪದ ಅಲ್ಲೇ ಇತ್ತು, ಯಾರ ಹೆಸರೂ ಇಲ್ಲದೆ, ಯಾವ ಸುದ್ದಿಯೂ ಇಲ್ಲದೆ. ತೇಪೆಯ ಕಡತವನ್ನು ಅಳಿಸಿದೆ, ಪಾಕವಿಧಾನದಿಂದ ಅದರ ಹೆಸರು ತೆಗೆದೆ, ಮತ್ತೆ ಕಟ್ಟಿದೆ. ಡಿಎಲ್‌ಎಲ್ ತಾನಾಗಿ ಹುಟ್ಟಿತು. ಪರೀಕ್ಷೆಗಳಲ್ಲಿ ಎರಡು ಸೋತವು. ಒಂದು ಸಾಲಿನ ಕೊನೆಯ ಗುರುತಿನದು, ಅದು ನನಗೆ ಹಳೆಯ ಪರಿಚಯ. ಇನ್ನೊಂದನ್ನು ಈ ಭಾನುವಾರ ನೋಡಬೇಕು.